ಗುರಿಯಿಲ್ಲದ ನಡಿಗೆ, ಗುರಿಗಳ ದಿನ

ಮೊದಲೇ ಗೊತ್ತುಮಾಡಿಕೊಳ್ಳದೆ, ಹೋಗಬೇಕೆನ್ನಿಸಿತು ಎಂಬಷ್ಟಕ್ಕೇ ಬೆಳಗಿನ ಹೊತ್ತು ಮನೆಯಿಂದ ಹೊರಬಿದ್ದು, ಕೆರೆಯ ಏರಿಯ ಮೇಲೋ ತೋಟದ ಬದುವಿನಲ್ಲೋ ಮರಗಳಿರುವ ಒಂದು ರಸ್ತೆಯಲ್ಲೋ ನಡೆದು ಬರುವುದು ಮನುಷ್ಯ ಮಾಡಬಹುದಾದ ಅತಿ ಸರಳ ಕೆಲಸಗಳಲ್ಲಿ ಒಂದು. ಇದಕ್ಕೆ ಸಲಕರಣೆ ಬೇಡ, ದೀಕ್ಷೆ ಬೇಡ, ಸಂಕಲ್ಪವೂ ಬೇಡ. ಆದರೆ ಹಾಗೆ ನಡೆದು ಬಂದ ದಿನ ಉಳಿದ ದಿನಗಳ ಹಾಗಿರುವುದಿಲ್ಲ. ಕಚೇರಿ ಅದೇ, ಕಡತಗಳು ಅವೇ, ಬಸ್ಸಿನ ನೂಕುನುಗ್ಗಲೂ ಅದೇ. ಹೊರುವವರಿಗೆ ಮಾತ್ರ ಹೊರೆ ಹಗುರವಾದಂತೆ ತೋರುತ್ತದೆ. ಶರೀರಶಾಸ್ತ್ರ ಇದಕ್ಕೆ ಕೆಲವು ಕಾರಣಗಳನ್ನು ಕೊಡುತ್ತದೆ. ಮುಂಜಾನೆಯ ಬೆಳಕು ಕಣ್ಣಿನ ಮೂಲಕ ಮಿದುಳನ್ನು ತಲುಪಿ, ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ. ದೇಹದೊಳಗಿನ ಗಡಿಯಾರವನ್ನು ಹೊರಗಿನ ಹಗಲಿಗೆ ಹೊಂದಿಸುತ್ತದೆ. ನಡಿಗೆಯಿಂದ ರಕ್ತಸಂಚಾರ ಚುರುಕಾಗುತ್ತದೆ. ಇವೆಲ್ಲ ನಿಜ. ಆದರೆ ಕಿಟಕಿಯ ಪಕ್ಕದ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಈ ಕಾರಣಗಳು ಬಹುಮಟ್ಟಿಗೆ ಸಲ್ಲುತ್ತವೆ. ಉಳಿಯುವ ಪ್ರಶ್ನೆ ಬೇರೆ. ಬಿಡುವಿಲ್ಲದ ದಿನದಲ್ಲಿ ಪ್ರತಿಯೊಂದು ಕೆಲಸವೂ ಇನ್ನೊಂದಕ್ಕಾಗಿ ನಡೆಯುತ್ತದೆ. ಯಾವುದಕ್ಕಾಗಿಯೂ ಅಲ್ಲದ ಒಂದು ಕೆಲಸ ಅಂಥ ದಿನವನ್ನು ಹೇಗೆ ಮುಟ್ಟುತ್ತದೆ? ಮುಟ್ಟುತ್ತದೆಂದು ಗೊತ್ತಾದ ಮೇಲೆ ಅದೇ ಆಸೆಯಿಂದ ನಡೆಯಹೊರಟರೆ ಆ ಗುಣ ಉಳಿಯುತ್ತದೆಯೇ?

ಈ ಪ್ರಶ್ನೆಯನ್ನು ಹಿಡಿಯಲು ಇಂಥ ನಡಿಗೆಯನ್ನು ಅದರ ನೆಂಟರಿಂದ ಬೇರ್ಪಡಿಸಬೇಕು. ದೇವಾಲಯದ ಪ್ರದಕ್ಷಿಣೆಗೆ ಒಂದು ಕೇಂದ್ರವಿದೆ. ಯುಗಾದಿಯ ಸುಮಾರಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಗೆ, ಆಷಾಢದಲ್ಲಿ ಪಂಢರಪುರಕ್ಕೆ ಸಾಗುವ ವಾರಿಗೆ ಒಂದು ಮುಟ್ಟುವ ತಾಣವಿದೆ. ದಾರಿಯ ಪ್ರತಿ ಹೆಜ್ಜೆಯೂ ಆ ತಾಣದ ಕಡೆಗೇ ಬಾಗಿರುತ್ತದೆ. ವೈದ್ಯರು ಹೇಳಿದರೆಂದು ನಡೆಯುವವರಿಗೆ ಸಕ್ಕರೆಯ ಪ್ರಮಾಣವೇ ಗುರಿ. ಕೂಲಿಗೆ, ಶಾಲೆಗೆ, ಹಾಲಿನ ಡೈರಿಗೆ ನಡೆಯುವವರ ಮಾತಂತೂ ಹೇಳಬೇಕಾಗಿಲ್ಲ. ಇವುಗಳಲ್ಲಿ ಯಾವುದೂ ಕೀಳಲ್ಲ. ಇಲ್ಲಿ ಚರ್ಚಿಸುತ್ತಿರುವ ನಡಿಗೆಗಾದರೋ ಕೇಂದ್ರವೂ ಇಲ್ಲ, ತಾಣವೂ ಇಲ್ಲ. ಎಲ್ಲಿಂದ ಬೇಕಾದರೂ ಹಿಂದಿರುಗಬಹುದು, ಹಿಂದಿರುಗಿದಾಗ ಏನೂ ಅರ್ಧಕ್ಕೆ ನಿಂತಿರುವುದಿಲ್ಲ.

ಪ್ರಯೋಜನವಿಲ್ಲದ ಕ್ರಿಯೆ ಎಂಬುದು ಸಾಧ್ಯವೇ ಎಂದು ಭಾರತೀಯ ದರ್ಶನಗಳು ಬಹಳ ಹಿಂದೆಯೇ ಕೇಳಿವೆ, ಅದೂ ಅತ್ಯಂತ ದೊಡ್ಡ ಸಂದರ್ಭದಲ್ಲಿ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಸೃಷ್ಟಿಯ ಬಗ್ಗೆ ಒಂದು ಆಕ್ಷೇಪ ಬರುತ್ತದೆ. ಬುದ್ಧಿಯುಳ್ಳ ಯಾರೂ ಪ್ರಯೋಜನವಿಲ್ಲದೆ ಏನನ್ನೂ ಮಾಡುವುದಿಲ್ಲ. ಈಶ್ವರನಿಗೆ ಪಡೆಯಬೇಕಾದದ್ದು ಏನೂ ಇಲ್ಲ. ಹಾಗಾದರೆ ಅವನು ಜಗತ್ತನ್ನು ಏಕೆ ಸೃಷ್ಟಿಸಿದ? ಏನೋ ಕೊರತೆ ತುಂಬಿಕೊಳ್ಳಲು ಎಂದರೆ ಅವನ ಪೂರ್ಣತೆಗೆ ಕುಂದು, ಸುಮ್ಮನೆ ಎಂದರೆ ಅವನ ಬುದ್ಧಿಗೆ ಕುಂದು. ಸೂತ್ರಕಾರರು ಕೊಡುವ ಉತ್ತರ ಲೀಲೆ. ಲೋಕದಲ್ಲಿ ಕಾಣುವಂತೆ ಇದು ಬರಿಯ ಲೀಲೆ ಎಂದಷ್ಟೇ ಹೇಳಿ ಅವರು ಮುಂದೆ ಸಾಗುತ್ತಾರೆ.

ಈ ಚಿಕ್ಕ ಉತ್ತರವನ್ನು ಮೂವರು ಆಚಾರ್ಯರು ಮೂರು ಬಗೆಯಲ್ಲಿ ಬೆಳಗಿಸಿದ್ದಾರೆ. ಶಂಕರರು ಎರಡು ದೃಷ್ಟಾಂತ ಕೊಡುತ್ತಾರೆ. ಎಲ್ಲ ಆಸೆಗಳೂ ಈಡೇರಿದ ಒಬ್ಬ ರಾಜ ಅಥವಾ ಅಮಾತ್ಯ ವಿಹಾರದಲ್ಲಿ ತೊಡಗುವುದು ಒಂದು. ಉಸಿರು ಯಾವ ಹೊರಗಿನ ಪ್ರಯೋಜನವನ್ನೂ ನೋಡದೆ ತನ್ನ ಸ್ವಭಾವದಿಂದಲೇ ಆಡುವುದು ಇನ್ನೊಂದು. ರಾಮಾನುಜರ ಶ್ರೀಭಾಷ್ಯದಲ್ಲಿ ಏಳು ದ್ವೀಪಗಳ ಭೂಮಿಯನ್ನು ಆಳುವ ಮಹಾರಾಜ ಚೆಂಡಾಟದಲ್ಲಿ ತೊಡಗುತ್ತಾನೆ. ಆಟಕ್ಕೆ ಆಟವೇ ಸಾಕು. ಮಧ್ವರ ದೃಷ್ಟಾಂತ ಇವೆಲ್ಲಕ್ಕಿಂತ ಬಿಸುಪುಳ್ಳದ್ದು: ಮತ್ತನಾದವನು ಸುಖ ಉಕ್ಕಿ ಹರಿದದ್ದರಿಂದಲೇ ಕುಣಿಯುತ್ತಾನೆ, ಹಾಡುತ್ತಾನೆ, ಏನನ್ನೋ ಪಡೆಯಲಿಕ್ಕಲ್ಲ. ಬೇರೆ ಹಲವು ವಿಷಯಗಳಲ್ಲಿ ಒಬ್ಬರನ್ನೊಬ್ಬರು ಒಪ್ಪದ ಮೂವರು ಇಲ್ಲಿ ಒಂದು ಮಾತಿನಲ್ಲಿ ಕೂಡುತ್ತಾರೆ. ಕೊರತೆಯಿಂದ ಹುಟ್ಟುವ ಕ್ರಿಯೆಗಳಿವೆ, ತುಂಬಿದ್ದರಿಂದ ಹುಟ್ಟುವ ಕ್ರಿಯೆಗಳೂ ಇವೆ. ಎರಡನೆಯವನ್ನು ಹುಚ್ಚೆಂದು ತಳ್ಳಿಹಾಕುವಂತಿಲ್ಲ.

ಈಶ್ವರನ ಕುರಿತ ವಾದವನ್ನು ಮನುಷ್ಯನ ಬೆಳಗಿನ ತಿರುಗಾಟಕ್ಕೆ ಅನ್ವಯಿಸುವುದು ಅತಿಯಾಯಿತು ಎನ್ನಿಸಬಹುದು. ಆದರೆ ಈ ವಾದದ ದಿಕ್ಕನ್ನು ಗಮನಿಸಬೇಕು. ದೃಷ್ಟಾಂತ ಲೋಕದಿಂದ ಈಶ್ವರನ ಕಡೆಗೆ ಹೋಗುತ್ತದೆಯೇ ಹೊರತು ಈಶ್ವರನಿಂದ ಲೋಕಕ್ಕೆ ಬರುವುದಿಲ್ಲ. ಮನುಷ್ಯರು ಕೆಲವೊಮ್ಮೆ ಪ್ರಯೋಜನ ನೋಡದೆ ನಲಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದಿಟ್ಟುಕೊಂಡೇ ಭಾಷ್ಯಕಾರರು ಮುಂದುವರಿಯುತ್ತಾರೆ. ಜೊತೆಗೆ ಶಂಕರರು ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿದ್ದಾರೆ: ಲೋಕದ ಆಟಗಳಲ್ಲಿ ಹುಡುಕಿದರೆ ಏನಾದರೂ ಸೂಕ್ಷ್ಮ ಪ್ರಯೋಜನ ಸಿಕ್ಕೀತು, ಈಶ್ವರನ ಲೀಲೆಯಲ್ಲಿ ಅದೂ ಇಲ್ಲ. ಹೀಗಾಗಿ ಮನುಷ್ಯನ ನಡಿಗೆ ಪೂರ್ತಿ ನಿಷ್ಪ್ರಯೋಜಕ ಎಂದು ಹಟ ಹಿಡಿಯಬೇಕಾಗಿಲ್ಲ. ಅದರಿಂದ ಫಲ ಬರಬಹುದು. ಹೆಜ್ಜೆಯನ್ನು ಎತ್ತಿಸಿದ್ದು ಆ ಫಲವಲ್ಲ ಎಂಬುದಷ್ಟೇ ಮುಖ್ಯ.

ಗೀತೆಯ ನಿಷ್ಕಾಮಕರ್ಮಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ, ಆದರೆ ಎರಡೂ ಒಂದೇ ಅಲ್ಲ. ಗೀತೆ ಮಾತನಾಡುವುದು ಮಾಡಲೇಬೇಕಾದ ಕರ್ಮದ ಬಗ್ಗೆ: ಅರ್ಜುನ ಯುದ್ಧರಂಗವನ್ನು ಬಿಟ್ಟು ಹೋಗುವಂತಿಲ್ಲ, ಫಲದ ಹಂಬಲವನ್ನು ಬಿಡಬಹುದು. ಬೆಳಗಿನ ನಡಿಗೆ ಯಾರ ಕರ್ತವ್ಯವೂ ಅಲ್ಲ. ಆದರೂ ನಿಷ್ಕಾಮತೆ ಎಂದರೆ ಮನಸ್ಸಿನೊಳಗೆ ಹೇಗಿರುತ್ತದೆ ಎಂಬುದರ ಒಂದು ಸಣ್ಣ ಪರಿಚಯ ಇಲ್ಲಿ ಸಿಗುತ್ತದೆ. ಫಲದ ಲೆಕ್ಕವಿಲ್ಲದೆ ಕೆಲಸ ಮಾಡು ಎಂದು ಸಾವಿರ ಸಲ ಕೇಳಿದವರಿಗೂ ಅದರ ರುಚಿ ಗೊತ್ತಿರುವುದಿಲ್ಲ, ಏಕೆಂದರೆ ಅವರ ದಿನದಲ್ಲಿ ಲೆಕ್ಕವಿಲ್ಲದ ಒಂದು ಗಳಿಗೆಯೂ ಇರುವುದಿಲ್ಲ. ಸಂಬಳ, ಬಡ್ತಿ, ಅಂಕ, ಗಡುವು ಯಾವುದೂ ತಗುಲದ ಅರ್ಧ ಗಂಟೆಯನ್ನು ಮೈಯಿಂದ ಅನುಭವಿಸಿದವರು ಗಡುವಿರುವ ಕೆಲಸವನ್ನೂ ಸ್ವಲ್ಪ ಸಡಿಲವಾದ ಕೈಯಿಂದ ಹಿಡಿಯಬಲ್ಲರು. ದಿನ ಹಗುರವಾಗುವುದು ಬಹುಶಃ ಹೀಗೆ. ನಡಿಗೆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಕೂಡಿಟ್ಟುಕೊಡುತ್ತದೆ ಎನ್ನುವುದಕ್ಕಿಂತ, ಕೆಲಸವೇ ಬದುಕಿನ ಒಟ್ಟು ಅಳತೆಯಲ್ಲ ಎಂಬುದನ್ನು ದಿನ ಆರಂಭವಾಗುವ ಮೊದಲೇ ತೋರಿಸಿಬಿಡುತ್ತದೆ.

ಇದು ಬೆಳಗ್ಗೆಯೇ ಏಕೆ? ನಮ್ಮ ಸಂಪ್ರದಾಯ ಬ್ರಾಹ್ಮೀ ಮುಹೂರ್ತಕ್ಕೆ ವಿಶೇಷ ಬೆಲೆ ಕೊಟ್ಟಿದೆ. ಒಂದು ಮುಹೂರ್ತಕ್ಕೆ 48 ನಿಮಿಷ. ರೂಢಿಯ ಲೆಕ್ಕದಲ್ಲಿ ಸೂರ್ಯೋದಯಕ್ಕೆ 1 ಗಂಟೆ 36 ನಿಮಿಷ ಮೊದಲು ಬ್ರಾಹ್ಮೀ ಮುಹೂರ್ತ ಆರಂಭವಾಗುತ್ತದೆ. ವಾಗ್ಭಟರ ಅಷ್ಟಾಂಗಹೃದಯವು ಆರೋಗ್ಯ ಬಯಸುವವರು ಆ ಹೊತ್ತಿಗೆ ಏಳಬೇಕೆಂದು ಹೇಳಿ ದಿನಚರಿಯನ್ನು ಶುರುಮಾಡುತ್ತದೆ. ಗ್ರೀಕರಲ್ಲಿ ಪೈಥಾಗೊರಸನ ಅನುಯಾಯಿಗಳದ್ದೂ ಇಂಥದೇ ನಂಬಿಕೆ. ಅವರ ಜೀವನಕ್ರಮವನ್ನು ಹಲವು ಶತಮಾನಗಳ ಬಳಿಕ ಬರೆದಿಟ್ಟ ಇಯಾಂಬ್ಲಿಕಸ್ ಹೇಳುವಂತೆ, ಅವರು ಬೆಳಗ್ಗೆ ಒಬ್ಬೊಬ್ಬರೇ ತೋಪುಗಳಿರುವ, ಗುಡಿಗಳಿರುವ, ಸದ್ದಿಲ್ಲದ ಜಾಗಗಳಲ್ಲಿ ನಡೆಯುತ್ತಿದ್ದರು. ತಮ್ಮ ಮನಸ್ಸು ನೆಲೆಗೊಳ್ಳುವ ಮೊದಲೇ ಇನ್ನೊಬ್ಬರನ್ನು ಎದುರುಗೊಳ್ಳುವುದು, ಎದ್ದ ಕೂಡಲೇ ಜನಜಂಗುಳಿಗೆ ಬೀಳುವುದು ಸಲ್ಲದು ಎಂದು ಭಾವಿಸಿದ್ದರು. ರೋಮಿನ ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ತನ್ನ ಆತ್ಮಚಿಂತನೆಯ ಹನ್ನೊಂದನೆಯ ಪುಸ್ತಕದಲ್ಲಿ ಅದೇ ಪಂಥದ ಇನ್ನೊಂದು ಅಭ್ಯಾಸವನ್ನು ನೆನೆಯುತ್ತಾನೆ. ಬೆಳಗ್ಗೆ ಆಕಾಶವನ್ನು ನೋಡಬೇಕು. ತಮ್ಮ ಕೆಲಸವನ್ನು ಒಂದೇ ಬಗೆಯಲ್ಲಿ, ಕ್ರಮ ತಪ್ಪದೆ, ಮುಚ್ಚುಮರೆಯಿಲ್ಲದೆ ಮಾಡುತ್ತಿರುವ ಆ ಜ್ಯೋತಿಗಳನ್ನು ಆಗ ನೆನಪಿಗೆ ತಂದುಕೊಳ್ಳಬೇಕು. ಸೈನ್ಯ, ತೆರಿಗೆ, ಪಿಡುಗು, ಗಡಿಯುದ್ಧಗಳ ನಡುವೆ ದಿನ ಕಳೆದ ಮನುಷ್ಯನೊಬ್ಬನಿಗೆ ಇದು ಬರೆದಿಟ್ಟುಕೊಳ್ಳಬೇಕಾದ ಮಾತಾಗಿ ತೋರಿತು ಎಂಬುದು ಸಣ್ಣ ಸಂಗತಿಯಲ್ಲ.

ಸಂಜೆಯ ನಡಿಗೆಗೆ ಅದರದೇ ಸೊಗಸಿದೆ. ಆದರೆ ಅದು ಕಳೆದ ದಿನವನ್ನು ಹೊತ್ತುಕೊಂಡೇ ನಡೆಯುತ್ತದೆ. ಬೆಳಗ್ಗೆ ಇನ್ನೂ ಯಾರೂ ಏನನ್ನೂ ಕೇಳಿರುವುದಿಲ್ಲ. ದಕ್ಷಿಣದ ಬಯಲು ನಾಡಿನಲ್ಲಿ ಬೆಳಕು ಹರಿಯುವುದು ಬೇಗ. ಮಡಿವಾಳ ಹಕ್ಕಿ ಉಲಿಯಲು ತೊಡಗಿದ ಸ್ವಲ್ಪ ಹೊತ್ತಿನಲ್ಲೇ ನೆರಳುಗಳು ಮೂಡಿರುತ್ತವೆ. ಈ ಸಂಧಿಕಾಲದಲ್ಲಿ ಜಗತ್ತು ಬದಲಾಗುತ್ತಿರುವುದು ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಿಸಲು ನಡೆಯುವವರು ಏನೂ ಮಾಡಬೇಕಾಗಿರುವುದಿಲ್ಲ. ತಾನು ನೂಕದಿದ್ದರೆ ಯಾವುದೂ ಮುಂದೆ ಹೋಗದು ಎಂದು ನಂಬಿ ದಿನವಿಡೀ ದುಡಿಯುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದು ಬೇಕು?

ಇಲ್ಲಿ ಒಂದು ತೊಡಕಿದೆ. ಮುಂಜಾನೆಗೆ ಬೆಲೆ ಕೊಟ್ಟ ಸಂಪ್ರದಾಯಗಳೆಲ್ಲ ಅದನ್ನು ನಿಯಮದಿಂದ ಕಟ್ಟಿವೆ. ಸ್ನಾನ, ಸಂಧ್ಯಾವಂದನೆ, ಜಪ, ಪೂಜೆ, ನಮಾಜು, ಚರ್ಚಿನ ಬೆಳಗಿನ ಪ್ರಾರ್ಥನೆ ಎಲ್ಲಕ್ಕೂ ಹೊತ್ತು ಗೊತ್ತು. ಮನಸ್ಸು ಬಂದಾಗ ಮಾತ್ರ ಮಾಡುತ್ತೇನೆ ಎಂದವರು ಕೊನೆಗೆ ಮಾಡುವುದೇ ಇಲ್ಲ ಎಂಬ ಅನುಭವ ಆ ನಿಯಮಗಳ ಹಿಂದಿದೆ. ಜರ್ಮನ್ ದಾರ್ಶನಿಕ ಕಾಂಟ್ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಮಧ್ಯಾಹ್ನದ ನಡಿಗೆಗೆ ಹೊರಡುತ್ತಿದ್ದ ಹೊತ್ತು ಎಷ್ಟು ನಿಖರವೆಂದರೆ ನೆರೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂಬ ಕಥೆಯಿದೆ; 1762ರಲ್ಲಿ ಪ್ರಕಟವಾದ, ದಾರ್ಶನಿಕ ರೂಸೋನ 'ಎಮಿಲ್' ಕೈಗೆ ಬಂದಾಗ ಆ ನಡಿಗೆ ತಪ್ಪಿತೆಂದೂ ಹೇಳುತ್ತಾರೆ. ಅದೇ ಕಾಂಟ್ 1790ರ ತನ್ನ ಗ್ರಂಥದಲ್ಲಿ ಸೌಂದರ್ಯವನ್ನು ಸವಿಯುವಾಗಿನ ಆನಂದ ಸ್ವಾರ್ಥದ ಸೋಂಕಿಲ್ಲದ್ದು, ಉದ್ದೇಶವಿಲ್ಲದೆಯೂ ಉದ್ದೇಶಪೂರ್ಣವೆಂಬಂತೆ ತೋರುವುದು ಎಂದು ವಾದಿಸಿದ. ಪ್ರಕೃತಿಯ ಚೆಲುವಿನಲ್ಲಿ ನೇರವಾದ ಆಸಕ್ತಿ ಇರುವುದು ಒಳ್ಳೆಯ ಆತ್ಮದ ಗುರುತು ಎಂದೂ ಹೇಳಿದ. ನಿಯತವಾದ ನಡಿಗೆ ಮತ್ತು ನಿರುದ್ದೇಶದ ಸವಿ ಒಬ್ಬನಲ್ಲೇ ಕೂಡಿದ್ದವು. ಹಾಗಾಗಿ ನಿಯಮಕ್ಕೂ ಸಹಜತೆಗೂ ಹುಟ್ಟುಹಗೆತನ ಎಂದು ತಿಳಿಯಬೇಕಾಗಿಲ್ಲ. ನಿಯಮ ಬಾಗಿಲನ್ನು ತೆರೆದಿಡಬಹುದು. ಬಾಗಿಲಾಚೆ ಎಡಕ್ಕೋ ಬಲಕ್ಕೋ, ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು ಎಂಬುದನ್ನು ಅದು ಹೇಳಬಾರದು. ಆದರೂ ಗೊತ್ತುಮಾಡದೆ ಹೊರಟ ನಡಿಗೆಗೆ ನಿಯತ ನಡಿಗೆಗಿಲ್ಲದ ಒಂದು ಗುಣವಿದೆ. ಅದು ಕರೆಗೆ ಓಗೊಟ್ಟು ಹುಟ್ಟಿದ್ದು. ಮಳೆ ನಿಂತ ಬೆಳಗ್ಗೆಯ ಮಣ್ಣಿನ ವಾಸನೆ, ಕಿಟಕಿಯಾಚೆಯ ಮಂಜು, ಹೆಸರು ತಿಳಿಯದ ಒಂದು ಹಕ್ಕಿಯ ಕೂಗು ಏನಾದರೂ ಕರೆದಿರುತ್ತದೆ. ಕೇಳಿಸಿಕೊಂಡು ಹೊರಟವರು ಆ ದಿನ ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಉಳಿಯುವ ಸಂಭವ ಹೆಚ್ಚು.

ಹೆಜ್ಜೆಯ ಬಗ್ಗೆ ಅತ್ಯಂತ ಆಳವಾಗಿ ಯೋಚಿಸಿದವರು ಶ್ರಮಣರು, ಎಂದರೆ ಬೌದ್ಧ ಮತ್ತು ಜೈನ ಸಂನ್ಯಾಸಿಗಳು. ಬೌದ್ಧರಲ್ಲಿ ಚಂಕ್ರಮಣ, ಪಾಳಿಯಲ್ಲಿ ಚಂಕಮ ಎನ್ನುವ ನಡಿಗೆಯ ಧ್ಯಾನ ಬುದ್ಧನ ಕಾಲದಿಂದಲೂ ಇದೆ. ಬೋಧಗಯೆಯ ಮಹಾಬೋಧಿ ದೇವಾಲಯದ ಪಕ್ಕದಲ್ಲೇ, ಜ್ಞಾನೋದಯದ ನಂತರದ ಮೂರನೆಯ ವಾರವನ್ನು ಬುದ್ಧ ನಡೆಯುತ್ತ ಕಳೆದನೆಂದು ನಂಬಲಾದ ಜಾಗವನ್ನು ಕಲ್ಲಿನ ಕಮಲಗಳ ಸಾಲು ಗುರುತಿಸುತ್ತದೆ. ಪಡೆಯಬೇಕಾದದ್ದನ್ನು ಪಡೆದಾದ ಮೇಲೂ ಅವನು ನಡೆದ ಎಂಬ ಈ ನಂಬಿಕೆ ಲೀಲೆಯ ವಾದಕ್ಕೆ ಬಲು ಹತ್ತಿರ ಬರುತ್ತದೆ. ಅಂಗುತ್ತರ ನಿಕಾಯದ ಒಂದು ಚಿಕ್ಕ ಸುತ್ತ ಚಂಕಮದಿಂದ ಬರುವ ಐದು ಲಾಭಗಳನ್ನು ಎಣಿಸುತ್ತದೆ: ದೂರದ ದಾರಿ ನಡೆಯುವ ತ್ರಾಣ, ಸಾಧನೆಯ ತ್ರಾಣ, ರೋಗಗಳ ಇಳಿಕೆ, ಉಂಡದ್ದು ಜೀರ್ಣವಾಗುವುದು, ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಕೊನೆಯದೇ ಇಲ್ಲಿನ ವಿಷಯಕ್ಕೆ ಮುಖ್ಯ. ಕಣ್ಣು ಮುಚ್ಚಿ ಕುಳಿತು ಗಳಿಸಿದ ಶಾಂತಿ ಎದ್ದು ನಿಂತ ಕೂಡಲೇ ಕದಡುವುದುಂಟು. ಕಾಲು ಆಡುತ್ತಿರುವಾಗ, ಕಣ್ಣು ತೆರೆದಿರುವಾಗ, ಗಾಳಿ ಸದ್ದುಗಳು ತಾಕುತ್ತಿರುವಾಗ ನೆಲೆಗೊಂಡ ಮನಸ್ಸು ಮುಂದೆ ಎದುರಾಗುವ ಗದ್ದಲಕ್ಕೆ ಆಗಲೇ ಸಿದ್ಧವಾಗಿರುತ್ತದೆ.

ಈರ್ಯಾಸಮಿತಿ ಎಂಬ ಜೈನರ ನಡಿಗೆಯ ನಿಯಮ ಇದಕ್ಕಿಂತ ಕಠಿಣ. ಮುನಿಗಳು ಬೆಳಕಿದ್ದಾಗ ಮಾತ್ರ, ಜನ ನಡೆದು ಸವೆದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕು. ಮಳೆಗಾಲದಲ್ಲಿ ಹಸುರೂ ಹುಳುಹುಪ್ಪಟೆಯೂ ನೆಲವನ್ನೆಲ್ಲ ತುಂಬುವುದರಿಂದ ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲಬೇಕು. ಶ್ರವಣಬೆಳಗೊಳದ ಆಸುಪಾಸಿನ ಊರಿನವರಿಗೆ ವಿಹಾರ ಹೊರಟ ಮುನಿಗಳ ಈ ನಡೆ ಕಂಡು ಗೊತ್ತು. ಪ್ರಕೃತಿಯ ನಡುವಿನ ನಡಿಗೆಯನ್ನು ಹೊಗಳುವ ಆಧುನಿಕ ಬರಹಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಪ್ರಶ್ನೆಯನ್ನು ಇದು ಎತ್ತುತ್ತದೆ. ಕಾಡು, ಕೆರೆ, ಹುಲ್ಲು ಇರುವುದು ದಣಿದ ಮನುಷ್ಯನ ಮನಸ್ಸನ್ನು ತಣಿಸುವುದಕ್ಕೋ? ಅಲ್ಲಿ ಆಗಲೇ ಬೇರೆ ಜೀವಗಳು ತಮ್ಮ ದಿನವನ್ನು ಆರಂಭಿಸಿರುತ್ತವೆ. ನಡೆಯುವವರು ಅವುಗಳ ಮನೆಗೆ ಬಂದ ಅತಿಥಿ. ಈ ಅರಿವಿಲ್ಲದ ನಡಿಗೆ ಎಷ್ಟೇ ಆಹ್ಲಾದಕರವಾಗಿದ್ದರೂ ಇನ್ನೊಂದು ಬಗೆಯ ಬಳಕೆಯಾಗಿಬಿಡುತ್ತದೆ. ಅರಿವಿದ್ದಾಗ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ, ನಿಧಾನವಾದಾಗ ಕಾಣುವುದು ಹೆಚ್ಚುತ್ತದೆ. ಅಹಿಂಸೆಯೂ ಗಮನವೂ ಇಲ್ಲಿ ಒಂದೇ ಅಭ್ಯಾಸ.

ಗಮನದ ಪ್ರಶ್ನೆಯನ್ನು ಆಧುನಿಕ ಮನೋವಿಜ್ಞಾನವೂ ಕೈಗೆತ್ತಿಕೊಂಡಿದೆ. ಪ್ರಯತ್ನಪಟ್ಟು ಹಿಡಿದಿಡುವ ಗಮನ ಬೇರೆ, ತಾನಾಗಿ ಹರಿಯುವ ಗಮನ ಬೇರೆ ಎಂಬ ಭೇದವನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ವಿವರಿಸಿದ್ದ. ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ 1989ರ ತಮ್ಮ ಗ್ರಂಥದಲ್ಲಿ ಅದನ್ನು ಮುಂದುವರಿಸಿದರು. ಕಡತ ಓದುವಾಗ, ವಾಹನ ಓಡಿಸುವಾಗ ಬೇಕಾಗುವ ಗಮನ ದಣಿಯುತ್ತದೆ. ಎಲೆಗಳ ಅಲುಗಾಟ, ನೀರಿನ ಅಲೆ, ಮೋಡಗಳ ಚಲನೆ ಅದನ್ನು ಬಲವಂತವಿಲ್ಲದೆ ಸೆಳೆದು ವಿಶ್ರಾಂತಿ ಕೊಡುತ್ತವೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆನ್ ಆರ್ಬರ್ ನಗರದ ಸಸ್ಯೋದ್ಯಾನದಲ್ಲಿ ಸುಮಾರು ಒಂದು ಗಂಟೆ ನಡೆದವರು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ, ಪೇಟೆಯ ಬೀದಿಯಲ್ಲಿ ನಡೆದಾಗಿನದಕ್ಕಿಂತ ಹೆಚ್ಚು ಸುಧಾರಿಸಿದರು. ಚಳಿಗಾಲದಲ್ಲಿ ನಡೆದವರಿಗೂ ಈ ಫಲ ಸಿಕ್ಕಿತು. ಮನಸ್ಸಿನ ಉಲ್ಲಾಸಕ್ಕೂ ಈ ಸುಧಾರಣೆಗೂ ನೇರ ನಂಟು ಕಾಣಲಿಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ ಸ್ಟ್ಯಾನ್‌ಫರ್ಡ್ ಬಳಿಯ ಓಕ್ ಮರಗಳ ಹುಲ್ಲುಗಾವಲಿನಲ್ಲಿ 90 ನಿಮಿಷ ನಡೆದವರಲ್ಲಿ ತಮ್ಮನ್ನೇ ಕೊರೆದುಕೊಳ್ಳುವ ಯೋಚನೆಗಳ ಸುತ್ತು ಕಡಿಮೆಯಾದದ್ದು ಕಂಡಿತು. ಇವು ದರ್ಶನಗಳ ಮಾತನ್ನು ಸಾಬೀತುಮಾಡುತ್ತವೆ ಎನ್ನುವುದು ತಪ್ಪು. ಆದರೆ ನಡಿಗೆಯ ಪರಿಣಾಮ ಬರಿಯ ಸಂತೋಷವಲ್ಲ, ನೋಡುವ ಶಕ್ತಿಯೇ ತುಸು ಬದಲಾಗುತ್ತದೆ ಎಂಬ ಅಂಶ ಎರಡಕ್ಕೂ ಸಮಾನ.

ಈ ಬದಲಾವಣೆಯ ತುದಿಯಲ್ಲಿ ಏನಿರಬಹುದು ಎಂಬುದಕ್ಕೆ ರೂಸೋನ ಕೊನೆಯ ಕೃತಿ ಒಂದು ಸಾಕ್ಷಿ. 1776ರಿಂದ 1778ರ ತನಕ, ಸಾಯುವವರೆಗೂ ಅವನು ಬರೆದ ಏಕಾಂಗಿ ನಡಿಗೆಗಾರನ ಆ ಧ್ಯಾನಗಳಿಗೆ ಅಧ್ಯಾಯಗಳಿಲ್ಲ, ಹತ್ತು ನಡಿಗೆಗಳಿವೆ, ಹತ್ತನೆಯದು ಅಪೂರ್ಣ. ಬಿಯೆನ್ ಸರೋವರದ ದ್ವೀಪದಲ್ಲಿ 1765ರಲ್ಲಿ ಕಳೆದ ದಿನಗಳನ್ನು ಐದನೆಯ ನಡಿಗೆ ನೆನೆಯುತ್ತದೆ. ಹಿಂದಿನದರ ನೆನಪೂ ಮುಂದಿನದರ ತವಕವೂ ಇಲ್ಲದೆ, ತಾನು ಇದ್ದೇನೆ ಎಂಬ ಅನುಭವವೊಂದೇ ಸಾಕಾಗುವ ಸ್ಥಿತಿಯನ್ನು ಅವನು ಅಲ್ಲಿ ವರ್ಣಿಸುತ್ತಾನೆ. ಅಮೆರಿಕದ ಲೇಖಕ ಥೋರೋ ಇದರ ಕಷ್ಟವನ್ನೂ ಬಲ್ಲವನಾಗಿದ್ದ. 1851ರಲ್ಲಿ ಉಪನ್ಯಾಸವಾಗಿ ಆರಂಭವಾಗಿ, ಅವನು ತೀರಿಕೊಂಡ ಮರುತಿಂಗಳು, 1862ರ ಜೂನ್‌ನಲ್ಲಿ ಅಚ್ಚಾದ ನಡಿಗೆಯ ಕುರಿತ ಅವನ ಪ್ರಬಂಧ, ದೇಹ ಕಾಡಿನೊಳಗೆ ಒಂದು ಮೈಲಿ ಹೋದರೂ ಮನಸ್ಸು ಊರಿನ ವ್ಯವಹಾರದಲ್ಲೇ ಉಳಿದುಬಿಡುವ ಸಂಕಟವನ್ನು ಬಚ್ಚಿಡುವುದಿಲ್ಲ. ಗೀತೆಯನ್ನು ಆಳವಾಗಿ ಓದಿಕೊಂಡಿದ್ದವನು ಈ ಮಾತನ್ನು ಹೇಳಿದ್ದು ಆಶ್ಚರ್ಯವಲ್ಲ.

ಆಕ್ಷೇಪಗಳೂ ಇವೆ. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸ್ ಬರಿಗಾಲಲ್ಲಿ ಇಲಿಸಸ್ ಹೊಳೆಯ ಗುಂಟ ನಡೆದು ಒಂದು ಮರದ ನೆರಳಿಗೆ ಬರುತ್ತಾನೆ; ಆದರೆ ಮರಗಳೂ ಬಯಲೂ ತನಗೆ ಏನನ್ನೂ ಕಲಿಸವು, ಕಲಿಸುವವರು ಊರಿನ ಮನುಷ್ಯರು ಎನ್ನುತ್ತಾನೆ. ಅದೇ ಸಂವಾದದಲ್ಲಿ ಆ ನೆರಳಿನಲ್ಲಿ, ಸಿಕಾಡಗಳ ಸದ್ದಿನ ನಡುವೆ, ಅವನ ಮಾತು ಬೇರೆಡೆ ಕಾಣದ ಎತ್ತರಕ್ಕೆ ಏರುತ್ತದೆ. ಮರಗಳು ಪಾಠ ಹೇಳದಿರಬಹುದು. ಪಾಠಕ್ಕೆ ಬೇಕಾದ ಬಿಡುವನ್ನು ಕೊಡಲಾರವು ಎಂದು ಆ ಸಂವಾದವೇ ಹೇಳಲು ಬಿಡುವುದಿಲ್ಲ.

ಕನ್ನಡ ನಾಡಿನದೇ ಆದ ಆಕ್ಷೇಪ ಇದಕ್ಕಿಂತ ತೂಕದ್ದು. 12ನೆಯ ಶತಮಾನದ ಶರಣರಿಗೆ ಕಾಯಕವೇ ಕೈಲಾಸ. ಕೆಲಸದಲ್ಲೇ ಶಿವ ಸಿಗುವಾಗ ಅದರಿಂದ ಹೊರಬಿದ್ದು ನಡೆಯುವುದೇಕೆ? ಇದಕ್ಕೆ ಉತ್ತರ ಶರಣರ ಬದುಕಿನಲ್ಲೇ ಇದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ಕಾಯಕವಲ್ಲ ಎಂದು ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸುತ್ತಾಳೆ. ಕಾಯಕಕ್ಕೆ ಒಂದು ಮಿತಿಯಿದೆ. ಮಿತಿ ದಾಟಿದ ದುಡಿಮೆ ಪೂಜೆಯ ಹೆಸರಿನಲ್ಲಿ ನಡೆಯುವ ಕೂಡಿಡುವಿಕೆ. ಇಂದಿನ ಬಿಡುವಿಲ್ಲದ ದಿನಗಳಲ್ಲಿ ಎಷ್ಟು ಪಾಲು ಕಾಯಕ, ಎಷ್ಟು ಪಾಲು ಹೆಚ್ಚಿನ ಅಕ್ಕಿ ಎಂಬುದು ಓಡುತ್ತಿರುವವರಿಗೆ ಕಾಣುವುದಿಲ್ಲ. ಸ್ವಲ್ಪ ದೂರ ನಡೆದು ತಿರುಗಿ ನೋಡಿದವರಿಗೆ ಕಂಡೀತು. ಈ ಅರ್ಥದಲ್ಲಿ ನಡಿಗೆ ಕಾಯಕಕ್ಕೆ ಎದುರಾಳಿಯಲ್ಲ, ಅದರ ಲಕ್ಕಮ್ಮ.

ಮೂರನೆಯ ಆಕ್ಷೇಪ ನ್ಯಾಯದ್ದು, ಇದನ್ನು ವಾದದಿಂದ ತೀರಿಸಲಾಗದು. ಮುಂಜಾನೆ ಯಾರದು? ಪೌರಕಾರ್ಮಿಕರು ಆ ಹೊತ್ತಿಗೆ ಬೀದಿಯಲ್ಲಿರುತ್ತಾರೆ, ಪೊರಕೆ ಹಿಡಿದು. ಲಕ್ಷಾಂತರ ಮನೆಗಳಲ್ಲಿ ಹೆಣ್ಣುಮಕ್ಕಳು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟು, ಒಲೆ ಹಚ್ಚಿ, ಬುತ್ತಿ ಕಟ್ಟುವ ಹೊತ್ತು ಅದೇ. ಕತ್ತಲು ಪೂರ್ತಿ ಹರಿಯುವ ಮೊದಲು ಒಂಟಿಯಾಗಿ ಕೆರೆಯ ಏರಿಗೆ ಹೋಗಲು ಹೆಣ್ಣಿಗೆ ಇರುವ ಅಳುಕು ಗಂಡಿಗಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದ ಅಕ್ಕಮಹಾದೇವಿ ಮರಗಳನ್ನೂ ಹಕ್ಕಿಗಳನ್ನೂ ಮಾತನಾಡಿಸುತ್ತ ಚೆನ್ನಮಲ್ಲಿಕಾರ್ಜುನನನ್ನು ಹುಡುಕಿದಳು. ಆ ನಡಿಗೆಗಾಗಿ ಅವಳು ಅರಮನೆಯನ್ನೂ ಲೋಕದ ಒಪ್ಪಿಗೆಯನ್ನೂ ಬಿಡಬೇಕಾಯಿತು. ಸಹಜವಾಗಿ ಹೊರಡುವ ಸ್ವಾತಂತ್ರ್ಯ ಎಲ್ಲರಿಗೂ ಸಹಜವಾಗಿ ಸಿಕ್ಕಿಲ್ಲ. ಆದ್ದರಿಂದ ನಡಿಗೆಯನ್ನು ಹೊಗಳುವವರು ಮನೆಯ ಬೆಳಗಿನ ಕೆಲಸವನ್ನು ಹಂಚಿಕೊಳ್ಳದೆ ಹೊರಟರೆ, ಅವರ ಹಗುರವಾದ ದಿನದ ಭಾರವನ್ನು ಇನ್ನೊಬ್ಬರು ಹೊತ್ತಿರುತ್ತಾರೆ.

ಇನ್ನು ಆರಂಭದ ಎರಡನೆಯ ಪ್ರಶ್ನೆ: ದಿನ ಹಗುರವಾಗಲಿ ಎಂದೇ ನಡೆದರೆ? ಸುಖವನ್ನೇ ಬೆನ್ನಟ್ಟಿದವರಿಗೆ ಸುಖ ತಪ್ಪಿಹೋಗುವ ವಿರೋಧಾಭಾಸವನ್ನು ಇಂಗ್ಲಿಷ್ ದಾರ್ಶನಿಕ ಹೆನ್ರಿ ಸಿಜ್ವಿಕ್ 1874ರಲ್ಲೇ ಚರ್ಚಿಸಿದ್ದ. ಕೆಲವು ಮನಃಸ್ಥಿತಿಗಳು ಬೇರೆ ಯಾವುದಕ್ಕೋ ಮಾಡಿದ ಕೆಲಸದ ಉಪಫಲವಾಗಿ ಮಾತ್ರ ಬರುತ್ತವೆ, ನೇರವಾಗಿ ತರಲು ಹೋದರೆ ಬಾರವು ಎಂದು ನಾರ್ವೆಯ ಚಿಂತಕ ಯಾನ್ ಎಲ್ಸ್ಟರ್ 1983ರ ತನ್ನ ಪುಸ್ತಕದಲ್ಲಿ ತೋರಿಸಿದ. ನಿದ್ದೆ ಹಾಗೆ, ಬರಲೇಬೇಕೆಂದು ಕಾದವರಿಂದ ಅದು ದೂರ ಸರಿಯುತ್ತದೆ. ನಡಿಗೆಯ ಹಗುರವೂ ಈ ಜಾತಿಯದೇ. ಇದನ್ನು ಮರೆಸಲು ಹೆಜ್ಜೆ ಎಣಿಸುವ ಒಂದು ಸಲಕರಣೆ ಎಲ್ಲರ ಜೇಬಿಗೂ ಬಂದಿದೆ. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿ ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಹರಡಿದ್ದು. ವೈದ್ಯಕೀಯ ಸಂಶೋಧನೆಯಿಂದ ಹೊರಟ ಸಂಖ್ಯೆಯಲ್ಲ. ಎಣಿಕೆ ವ್ಯಾಯಾಮಕ್ಕೆ ನೆರವಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಎಣಿಸುತ್ತ ನಡೆದವರು ಕಚೇರಿಯ ಅಳತೆಗೋಲನ್ನು ಕೆರೆಯ ಏರಿಗೂ ಕೊಂಡೊಯ್ದಿರುತ್ತಾರೆ. ಹಾಗೆಂದು ಫಲದ ಆಸೆಯನ್ನು ಹೊಸ್ತಿಲಲ್ಲೇ ಕಿತ್ತೊಗೆಯಬೇಕಿಲ್ಲ. ಆಸೆಯಿಂದ ಹೊರಟವರೂ ದಾರಿಯಲ್ಲಿ ಅದನ್ನು ಮರೆಯಬಹುದು. ಮರೆಸುವ ಶಕ್ತಿ ಹೊರಗಿನ ಜಗತ್ತಿಗೆ ಇದೆ. ಮಿಂಚುಳ್ಳಿಯೊಂದು ನೀರಿಗೆ ಧುಮುಕಿದ ಕ್ಷಣದಲ್ಲಿ ತನ್ನ ಒತ್ತಡ ಎಷ್ಟು ಇಳಿಯಿತೆಂದು ಯಾರೂ ಅಳೆಯುತ್ತಿರುವುದಿಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಈ ವಿಚಾರಕ್ಕೆ ಕನ್ನಡಿಗರ ಕಣ್ಣೆದುರಿನ ನಿದರ್ಶನ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಾವರಿಗಾಗಿ ಕಟ್ಟಿಸಿದ ಕೆರೆ ಅದು; ಈಗ ಹೆಜ್ಜಾರ್ಲೆ, ನೀರುಕಾಗೆಗಳ ನೆಲೆ, ಊರಿನ ನಡಿಗೆಗಾರರ ಏರಿ. ಅದರ ದಂಡೆಯಲ್ಲಿ ನಡೆದವರಲ್ಲಿ ಕುವೆಂಪು ಒಬ್ಬರು. 1929ರಲ್ಲಿ ಮಹಾರಾಜ ಕಾಲೇಜಿನ ಅಧ್ಯಾಪಕರಾದ ಅವರು 1956ರಿಂದ 1960ರ ತನಕ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಕೆರೆಯ ಪಕ್ಕದಲ್ಲೇ ಬೆಳೆದ ಮಾನಸಗಂಗೋತ್ರಿಗೆ ಆ ಹೆಸರು ಕೊಟ್ಟವರೂ ಅವರೇ. ಪಾಠ, ಆಡಳಿತ, 1949ರಲ್ಲಿ ಪ್ರಕಟವಾದ 'ಶ್ರೀರಾಮಾಯಣ ದರ್ಶನಂ' ಎಂಬ ಮಹಾಕಾವ್ಯದ ಬಹುವರ್ಷಗಳ ದುಡಿಮೆ, ಇಷ್ಟೆಲ್ಲ ಇದ್ದ ಬದುಕು ಅದು. ಬೆಳ್ಳಕ್ಕಿಗಳ ಸಾಲು ಆಗಸದಲ್ಲಿ ಹಾದುಹೋದದ್ದನ್ನು ದೇವರ ರುಜುವಾಗಿ ಕಂಡ ಅವರ ಕವಿತೆ ಕನ್ನಡದಲ್ಲಿ ಮನೆಮಾತು. ಅಂಥ ನೋಟ ಹುಡುಕಿ ಹೊರಟವರಿಗೆ ಸಿಗುವಂಥದಲ್ಲ. ತಲೆಯೆತ್ತಿ ನೋಡುವಷ್ಟು ಬಿಡುವಿದ್ದವರಿಗೆ, ಅದೂ ಯಾವಾಗಲೋ, ಸಿಗುತ್ತದೆ. ಎಲ್ಲರೂ ಕವಿಗಳಾಗಬೇಕಿಲ್ಲ. ನಿಸರ್ಗವನ್ನು ದೈವದ ಕೈಬರಹವೆಂದು ಓದುವ ಭಕ್ತರಿಗೂ, ದೈವವನ್ನು ಒಪ್ಪದೆ ಅದರ ಕ್ರಮಕ್ಕೆ ಮಾತ್ರ ಬೆರಗಾಗುವವರಿಗೂ ಆ ಏರಿ ಒಂದೇ ಬಗೆಯಲ್ಲಿ ತೆರೆದಿದೆ.

ನಡಿಗೆಯಿಂದ ಆಗದ ಕೆಲಸಗಳನ್ನೂ ಹೇಳಬೇಕು. ಕಾಯಿಲೆಯಾಗಿ ಬೇರೂರಿದ ಖಿನ್ನತೆಗೆ ವೈದ್ಯರ ಚಿಕಿತ್ಸೆ ಬೇಕು. ಹನ್ನೆರಡು ಗಂಟೆ ದುಡಿಸಿಕೊಳ್ಳುವ ಕೆಲಸದ ಅನ್ಯಾಯವನ್ನು ಬೆಳಗಿನ ಅರ್ಧ ಗಂಟೆಯ ಹಸುರು ತೊಡೆಯಲಾರದು. ಅದನ್ನು ಸಹಿಸಿಕೊಳ್ಳಲು ನಡಿಗೆಯನ್ನು ಬಳಸುವುದು ನಡಿಗೆಗೂ ದುಡಿಯುವವರಿಗೂ ಮಾಡುವ ಅಪಚಾರ. ಕೆಲವು ಬೆಳಗುಗಳಲ್ಲಿ ನಡಿಗೆ ಏನನ್ನೂ ಕೊಡುವುದಿಲ್ಲ, ಚಿಂತೆಗಳು ಮನೆಯಿಂದ ಹೊರಟಾಗ ಇದ್ದಷ್ಟೇ ಇರುತ್ತವೆ. ಕೇಳದೆ ಬರುವುದು ಕೇಳದೆ ಬಾರದಿರಲೂ ಬಹುದು. ವಯಸ್ಸು, ಕಾಯಿಲೆ, ಅಂಗವೈಕಲ್ಯಗಳಿಂದ ನಡೆಯಲಾಗದವರ ವಿಷಯದಲ್ಲಿ ಬೌದ್ಧ ಗ್ರಂಥಗಳ ಔದಾರ್ಯ ದೊಡ್ಡದು. ಸತಿಪಟ್ಠಾನ ಸುತ್ತ ನಡೆಯುವುದು, ನಿಲ್ಲುವುದು, ಕುಳಿತುಕೊಳ್ಳುವುದು, ಮಲಗುವುದು ಎಂಬ ನಾಲ್ಕು ಭಂಗಿಗಳನ್ನೂ ಎಚ್ಚರದ ಅಭ್ಯಾಸಕ್ಕೆ ಸಮಾನವಾಗಿ ಒಪ್ಪುತ್ತದೆ. ಜಗಲಿಯ ಮೇಲೆ ಕುಳಿತೋ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒರಗಿಯೋ ಬೆಳಗಾಗುವುದನ್ನು ಯಾವ ಕಾರಣಕ್ಕೂ ಅಲ್ಲದೆ ನೋಡಿದವರು, ಇಲ್ಲಿ ಹೇಳಿದ ಅರ್ಥದಲ್ಲಿ, ಅಷ್ಟೇ ದೂರ ನಡೆದವರು.